ಪ್ಯಾರಾಥೈರಾಯ್ಡ್ ಜಾಸ್ತಿ ಕೆಲಸ ಮಾಡಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಾಯಿಲೆ ಸಿಕ್ಕಿದ್ದು ಕಿಡ್ನಿ ಕಲ್ಲಿನ ನೆಪದಲ್ಲಿ. ಎರಡನೇ ಸಲ ಕಲ್ಲು ಬಂದಾಗ ಒಬ್ಬ ವೈದ್ಯೆ ನನ್ನ ಹಳೇ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದರು. ನಾಲ್ಕು ವರ್ಷದಿಂದ ರಕ್ತದ ಕ್ಯಾಲ್ಸಿಯಂ ನಾರ್ಮಲ್ ಗೆರೆಯ ಸ್ವಲ್ಪ ಮೇಲೇ ಇತ್ತು. ಅದನ್ನು ಯಾರೂ ಗಮನಿಸಿರಲಿಲ್ಲ, ನಾನೂ ಸೇರಿ. ಆಮೇಲೆ ನನಗೆ ಕೆಟ್ಟ ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆದರು. ಈಗ ಹೊಸದಾಗಿ ರಿಪೋರ್ಟ್ ಹಿಡಿದುಕೊಂಡು ಬರುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೇ ಇಲ್ಲಿ ಬರೆದಿದ್ದೇನೆ. ನಾನು ವೈದ್ಯಳಲ್ಲ. ನಿಮ್ಮ ರಿಪೋರ್ಟ್ ನೋಡಿ ತೀರ್ಮಾನ ಹೇಳಬೇಕಾದವರು ನಿಮ್ಮ ವೈದ್ಯರು.

ಪ್ಯಾರಾಥೈರಾಯ್ಡ್ ಅಂದ್ರೆ ಥೈರಾಯ್ಡೇ ಅಲ್ವಾ?

ಅಲ್ಲ. ಪಕ್ಕದ ಮನೆಯವರು, ಅಷ್ಟೇ. ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿ ಕಾಳಿನಷ್ಟು. ಕೆಲವರಿಗೆ ಐದು ಇರುವುದೂ ಉಂಟು. ಥೈರಾಯ್ಡ್ ಪರೀಕ್ಷೆ ಸರಿಯಾಗಿ ಬಂದರೆ ಪ್ಯಾರಾಥೈರಾಯ್ಡ್ ಸರಿ ಇದೆ ಎಂದಲ್ಲ. ಎರಡರ ಕೆಲಸವೂ ಬೇರೆ, ಪರೀಕ್ಷೆಯೂ ಬೇರೆ.

ಇಷ್ಟು ಚಿಕ್ಕದಾದ್ದರಿಂದಲೇ ಇವು ಬಹಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲಂಡನ್ ಮೃಗಾಲಯದಲ್ಲಿ ಸತ್ತ ಒಂದು ಭಾರತೀಯ ಘೇಂಡಾಮೃಗವನ್ನು ಕೊಯ್ದು ನೋಡಿದಾಗ ಬ್ರಿಟಿಷ್ ಅಂಗರಚನಾ ವಿಜ್ಞಾನಿ ರಿಚರ್ಡ್ ಓವೆನ್ ಇದನ್ನು ಮೊದಲು ಗುರುತಿಸಿದರು. ಮನುಷ್ಯರಲ್ಲಿ ಇದನ್ನು 1880ರಲ್ಲಿ ವಿವರವಾಗಿ ಬರೆದವರು ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರಾಮ್. ಆಗ ಅವರಿನ್ನೂ ಮೆಡಿಕಲ್ ವಿದ್ಯಾರ್ಥಿ.

ಇವುಗಳ ಕೆಲಸ ಏನು? ಕೆಡೋದು ಹೇಗೆ?

ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೋ ಅಷ್ಟೇ ಇರುವಂತೆ ಕಾಯುವುದು. ನೀರಿನ ಟ್ಯಾಂಕಿನ ಫ್ಲೋಟ್ ವಾಲ್ವ್ ನೋಡಿದ್ದೀರಲ್ಲ, ಹಾಗೆ. ಮಟ್ಟ ಇಳಿದರೆ ಗ್ರಂಥಿ ಪಿಟಿಎಚ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಮೂತ್ರದಲ್ಲಿ ಹೋಗುವುದನ್ನು ಕಿಡ್ನಿಯಲ್ಲಿ ತಡೆಯುತ್ತದೆ. ಜೊತೆಗೆ ವಿಟಮಿನ್ ಡಿಯನ್ನು ಚುರುಕು ಮಾಡಿ, ಕರುಳು ಊಟದಿಂದ ಕ್ಯಾಲ್ಸಿಯಂ ಜಾಸ್ತಿ ಹೀರುವಂತೆ ಮಾಡುತ್ತದೆ. ಮಟ್ಟ ಸರಿಯಾದ ಮೇಲೆ ಗ್ರಂಥಿ ಸುಮ್ಮನಾಗಬೇಕು.

ಕಾಯಿಲೆ ಅಂದರೆ ವಾಲ್ವ್ ಸಿಕ್ಕಿಹಾಕಿಕೊಳ್ಳುವುದು. ಟ್ಯಾಂಕ್ ತುಂಬಿದರೂ ನೀರು ನಿಲ್ಲುವುದಿಲ್ಲ. ಇದಕ್ಕೆ ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ ಎನ್ನುತ್ತಾರೆ. ನೂರರಲ್ಲಿ ಸುಮಾರು 80ರಿಂದ 85 ಜನರಲ್ಲಿ ಕೆಟ್ಟಿರುವುದು ಒಂದೇ ಗ್ರಂಥಿ, ಅದರಲ್ಲೊಂದು ಗಂಟು. ಉಳಿದವರಲ್ಲಿ ಎರಡು, ಮೂರು, ಅಥವಾ ನಾಲ್ಕೂ ಗ್ರಂಥಿಗಳು ದಪ್ಪಗಾಗಿರುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಮುಟ್ಟು ನಿಂತವರಲ್ಲಿ ಇದು ಜಾಸ್ತಿ.

ಗಂಟು ಅಂದ್ರಲ್ಲ, ಕ್ಯಾನ್ಸರಾ?

ಬಹುಪಾಲು ಅಲ್ಲ. ಪ್ಯಾರಾಥೈರಾಯ್ಡ್ ಕ್ಯಾನ್ಸರ್ ನೂರರಲ್ಲಿ ಒಬ್ಬರಿಗೂ ಇರುವುದಿಲ್ಲ. ಕ್ಯಾಲ್ಸಿಯಂ, ಪಿಟಿಎಚ್ ಎರಡೂ ವಿಪರೀತ ಏರಿದ್ದರೆ, ಕತ್ತಿನಲ್ಲಿ ಗಂಟು ಕೈಗೆ ಸಿಗುವಂತಿದ್ದರೆ ವೈದ್ಯರು ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ.

ನನಗೆ ಏನೂ ಆಗ್ತಿಲ್ಲ. ನಿಜಕ್ಕೂ ಕಾಯಿಲೆ ಇದೆಯಾ?

ಇರಬಹುದು. ಇವತ್ತು ಸಿಗುವ ಎಷ್ಟೋ ಕೇಸುಗಳು ಬೇರೆ ಯಾವುದಕ್ಕೋ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಸಿಕ್ಕಿದವು.

ಆದರೆ 'ಏನೂ ಆಗ್ತಿಲ್ಲ' ಎನ್ನುವ ಮಾತನ್ನು ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ. ನಾನೇ ಹಾಗೆ ಹೇಳುತ್ತಿದ್ದೆ. ಸುಸ್ತು, ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮೈಕೈ ನೋವು, ನಿದ್ದೆಗೇಡು, ಮರೆವು, ಕಾರಣವಿಲ್ಲದ ಬೇಸರ. ಇವೆಲ್ಲ ವರ್ಷಗಟ್ಟಲೆ ನಿಧಾನಕ್ಕೆ ಬರುತ್ತವೆ. 'ವಯಸ್ಸಾಯ್ತು' ಎಂದು ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ. ಹಾಗಂತ ಎಲ್ಲ ಸುಸ್ತಿಗೂ ಇದೇ ಕಾರಣ ಅಂತಲ್ಲ. ಸುಸ್ತಿಗೆ ನೂರು ಕಾರಣ ಇವೆ.

ಏನೂ ಅನಿಸದಿದ್ದರೂ ಒಳಗೆ ಹಾನಿ ನಡೆಯುತ್ತಿರಬಹುದು. ಮೂಳೆ ಸವೆದರೆ ನೋವೇ ಆಗುವುದಿಲ್ಲ, ಮುರಿದಾಗಲೇ ಗೊತ್ತಾಗುವುದು. ಕಿಡ್ನಿಯಲ್ಲಿ ಕಲ್ಲು ಸದ್ದಿಲ್ಲದೆ ಕೂತಿರುತ್ತದೆ. ಅದಕ್ಕೇ ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್, ಕಿಡ್ನಿಗೆ ಒಂದು ಅಲ್ಟ್ರಾಸೌಂಡ್ ಅಥವಾ ಸಿಟಿ ಮಾಡಿಸುತ್ತಾರೆ. ಡೆಕ್ಸಾ ಮಾಡಿಸುವಾಗ ಸೊಂಟ, ಬೆನ್ನುಮೂಳೆ ಜೊತೆಗೆ ಮುಂಗೈ ಮೂಳೆಯನ್ನೂ ನೋಡಲು ಹೇಳಿ. ಈ ಕಾಯಿಲೆ ಮೊದಲು ತಿನ್ನುವುದು ಗಟ್ಟಿ ಹೊರಪದರ ಜಾಸ್ತಿ ಇರುವ ಮೂಳೆಯನ್ನು, ಅದು ಇರುವುದು ಮುಂಗೈಯಲ್ಲಿ. ಮಾಮೂಲಿ ಸ್ಕ್ಯಾನಿನಲ್ಲಿ ಮುಂಗೈಯನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ.

ಪಿಟಿಎಚ್ ನಾರ್ಮಲ್ ಅಂತ ಬಂದಿದೆ. ಕ್ಯಾಲ್ಸಿಯಂ ಮಾತ್ರ ಸ್ವಲ್ಪ ಜಾಸ್ತಿ. ಬಿಟ್ಟುಬಿಡಬಹುದಾ?

ಜನ ಜಾಸ್ತಿ ಎಡವುವುದು ಇಲ್ಲೇ. ಅದಕ್ಕೆ ಇದೊಂದನ್ನು ನಿಧಾನವಾಗಿ ಓದಿ.

ಲ್ಯಾಬಿನ ರಿಪೋರ್ಟು ಒಂದೊಂದು ಸಂಖ್ಯೆಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಗೆರೆಯೊಳಗಿದ್ದರೆ ನಾರ್ಮಲ್, ಹೊರಗಿದ್ದರೆ ದಪ್ಪ ಅಕ್ಷರ. ಆದರೆ ಪಿಟಿಎಚ್ ಮತ್ತು ಕ್ಯಾಲ್ಸಿಯಂ ಏತ ಇದ್ದ ಹಾಗೆ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರಬೇಕು. ವಯಸ್ಕರಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಒಳಗಿರುತ್ತದೆ. ಪಿಟಿಎಚ್ ಬಹಳಷ್ಟು ಲ್ಯಾಬುಗಳಲ್ಲಿ ಮಿಲಿಲೀಟರಿಗೆ ಸುಮಾರು 15ರಿಂದ 65 ಪಿಕೊಗ್ರಾಂ. ನಿಮ್ಮ ಲ್ಯಾಬಿನ ಗೆರೆ ಸ್ವಲ್ಪ ಆಚೀಚೆ ಇರಬಹುದು.

ಈಗ ಯೋಚಿಸಿ. ಒಬ್ಬರ ಕ್ಯಾಲ್ಸಿಯಂ 11. ಅಷ್ಟಿದ್ದಾಗ ಆರೋಗ್ಯವಾಗಿರುವ ಗ್ರಂಥಿ ಬಾಯಿ ಮುಚ್ಚಿಕೊಂಡು ಕೂರಬೇಕು. ಪಿಟಿಎಚ್ ತೀರಾ ಕೆಳಗೆ ಇಳಿದಿರಬೇಕು. ಆದರೆ ಅವರ ಪಿಟಿಎಚ್ 50. ಗೆರೆಯೊಳಗೇ ಇದೆ, ರಿಪೋರ್ಟಿನಲ್ಲಿ ಗುರುತು ಬೀಳುವುದಿಲ್ಲ. ಆದರೂ ಅದು ಸರಿಯಲ್ಲ. ಟ್ಯಾಂಕ್ ತುಂಬಿ ಹರಿಯುತ್ತಿದ್ದರೂ ನಲ್ಲಿ ಅರ್ಧ ತೆರೆದೇ ಇದೆ. ಹಾಗಾಗಿ 'ಪಿಟಿಎಚ್ ನಾರ್ಮಲ್' ಎಂದು ಯಾರಾದರೂ ಹೇಳಿದರೆ, 'ಈ ಕ್ಯಾಲ್ಸಿಯಂಗೆ ಇದು ನಾರ್ಮಲ್ಲಾ?' ಎಂದು ಕೇಳಿ. ನನ್ನ ನಾಲ್ಕು ವರ್ಷ ಹಾಳಾಗಿದ್ದು ಈ ಒಂದು ಪ್ರಶ್ನೆಯನ್ನು ಯಾರೂ ಕೇಳದ್ದಕ್ಕೆ.

ಪರೀಕ್ಷೆ ಮಾಡಿಸುವಾಗ ನಾಲ್ಕು ವಿಷಯ ನೆನಪಿರಲಿ. ಕ್ಯಾಲ್ಸಿಯಂ, ಪಿಟಿಎಚ್ ಎರಡಕ್ಕೂ ಒಂದೇ ಹೊತ್ತಿನ ರಕ್ತ ಕೊಡಿ. ಕ್ಯಾಲ್ಸಿಯಂ ಒಂದೇ ಸಲ ಏರಿದ್ದರೆ ಅದನ್ನೇ ನಂಬಬೇಡಿ, ಮತ್ತೊಮ್ಮೆ ನೋಡಿಸಿ. ಕೈಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೂ ಸಂಖ್ಯೆ ಸ್ವಲ್ಪ ಏರುತ್ತದೆ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಇದ್ದರೆ ಕ್ಯಾಲ್ಸಿಯಂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಅದನ್ನು ಲೆಕ್ಕ ಹಾಕಿ ಸರಿಪಡಿಸಬೇಕು. ಕೊನೆಯದು, ಕೂದಲಿಗೆ ಉಗುರಿಗೆ ಅಂತ ನುಂಗುವ ಬಯೋಟಿನ್ ಮಾತ್ರೆ. ಅದು ಕೆಲವು ಪಿಟಿಎಚ್ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ, ಪಿಟಿಎಚ್ ಕಡಿಮೆ ಇದೆ ಎಂದು ತೋರಿಸುತ್ತದೆ. ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಕೆಲವು ದಿನ ನಿಲ್ಲಿಸಲು ಹೇಳುತ್ತಾರೆ.

ನೀವು ಬೇರೆ ಯಾವ ಮಾತ್ರೆ ನುಂಗುತ್ತೀರಿ ಎನ್ನುವುದೂ ಮುಖ್ಯ. ಬಿಪಿಗೆ ಕೊಡುವ ಥಯಾಜೈಡ್ ಜಾತಿಯ ಮಾತ್ರೆಗಳು, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಇವೆರಡೂ ಕ್ಯಾಲ್ಸಿಯಂ ಏರಿಸಬಲ್ಲವು. ಆದರೆ ಇದನ್ನು ಓದಿ ನೀವೇ ನಿಲ್ಲಿಸಬೇಡಿ.

ನನ್ನದು ಉಲ್ಟಾ. ಪಿಟಿಎಚ್ ಜಾಸ್ತಿ, ಕ್ಯಾಲ್ಸಿಯಂ ಸರಿಯಾಗೇ ಇದೆ.

ಮೊದಲು ವಿಟಮಿನ್ ಡಿ, ಆಮೇಲೆ ಕಿಡ್ನಿ ನೋಡಬೇಕು. ವಿಟಮಿನ್ ಡಿ ಕಡಿಮೆ ಇದ್ದರೆ, ಕಿಡ್ನಿ ದುರ್ಬಲವಾಗಿದ್ದರೆ, ಕರುಳು ಕ್ಯಾಲ್ಸಿಯಂ ಹೀರದಿದ್ದರೆ ಗ್ರಂಥಿ ಪಾಪ ತನ್ನ ಕೆಲಸವನ್ನೇ ಮಾಡುತ್ತಿರುತ್ತದೆ. ಕೊರತೆ ತುಂಬಲು ಹೆಣಗಾಡುತ್ತಿರುತ್ತದೆ. ಇದು ಸೆಕೆಂಡರಿ, ಅಂದರೆ ಬೇರೊಂದು ಕಾರಣದಿಂದ ಬಂದದ್ದು. ಇಲ್ಲಿ ಮದ್ದು ಬೇಕಾದದ್ದು ಕೊರತೆಗೆ. ಬಹುಪಾಲು ಇಂಥವರಿಗೆ ಆಪರೇಷನ್ ಮಾತೇ ಬರುವುದಿಲ್ಲ.

ಬಹಳ ವರ್ಷ ಕಿಡ್ನಿ ಕಾಯಿಲೆ ಇದ್ದವರಲ್ಲಿ ಗ್ರಂಥಿಗಳು ದುಡಿದು ದುಡಿದು ಕೊನೆಗೆ ಯಾರ ಮಾತನ್ನೂ ಕೇಳದಂತಾಗುತ್ತವೆ. ಕಿಡ್ನಿ ಕಸಿ ಆದ ಮೇಲೂ ಸುಮ್ಮನಾಗುವುದಿಲ್ಲ. ಅದಕ್ಕೆ ಟರ್ಷಿಯರಿ ಎಂದು ಹೆಸರು. ಡಯಾಲಿಸಿಸ್‌ನಲ್ಲಿರುವವರಿಗೆ ಫಾಸ್ಫರಸ್ಸಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಅವರು ಈ ಪುಟದ ಆಹಾರದ ಮಾತುಗಳನ್ನು ಅನುಸರಿಸದೆ ತಮ್ಮ ಕಿಡ್ನಿ ವೈದ್ಯರ ಪಟ್ಟಿಯನ್ನೇ ಹಿಡಿಯಬೇಕು.

ಯಾವ ಕೊರತೆಯೂ ಇಲ್ಲದೆ, ಪಿಟಿಎಚ್ ಮಾತ್ರ ಮತ್ತೆ ಮತ್ತೆ ಜಾಸ್ತಿ ಬರುವವರೂ ಇದ್ದಾರೆ. ಅಂಥವರನ್ನು ಸಾಮಾನ್ಯವಾಗಿ ಕಾದು ನೋಡುತ್ತಾರೆ.

24 ಗಂಟೆ ಮೂತ್ರ ಹಿಡಿದು ತರೋಕೆ ಹೇಳಿದ್ದಾರೆ. ಬೇಕೇ ಬೇಕಾ?

ಬೇಕು. ಕಿರಿಕಿರಿ ನಿಜ, ಕ್ಯಾನ್ ಹೊತ್ತುಕೊಂಡು ಓಡಾಡುವುದು ಯಾರಿಗೂ ಇಷ್ಟವಿಲ್ಲ. ಆದರೆ ಇದೇ ರಕ್ತದ ಚಿತ್ರ ತೋರಿಸುವ, ವಂಶದಲ್ಲಿ ಹರಿದುಬರುವ ಒಂದು ನಿರುಪದ್ರವಿ ಸ್ಥಿತಿ ಇದೆ. ಅದರಲ್ಲಿ ಕ್ಯಾಲ್ಸಿಯಂ ಏರಿರುತ್ತದೆ, ಮೂತ್ರದಲ್ಲಿ ಮಾತ್ರ ಬಹಳ ಕಡಿಮೆ ಹೋಗುತ್ತದೆ. ಅವರಿಗೆ ಆಪರೇಷನ್ ಮಾಡಿದರೆ ಪ್ರಯೋಜನವೇ ಇಲ್ಲ. ಸುಮ್ನೆ ಕತ್ತು ಕೊಯ್ಯಿಸಿಕೊಳ್ಳುವುದನ್ನು ತಪ್ಪಿಸಲು ಈ ಕ್ಯಾನು.

ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಹಾಗಾದ್ರೆ ಕಾಯಿಲೆ ಇಲ್ಲ ಅಲ್ವಾ?

ಇಲ್ಲ, ಹಾಗಲ್ಲ. ಕಾಯಿಲೆ ಇದೆಯೋ ಇಲ್ಲವೋ ಹೇಳುವುದು ರಕ್ತ. ಸ್ಕ್ಯಾನ್ ಬರೀ ನಕಾಶೆ. ಕೆಟ್ಟ ಗ್ರಂಥಿ ಎಲ್ಲಿದೆ ಎಂದು ಸರ್ಜನ್‌ಗೆ ದಾರಿ ತೋರಿಸಲು ಕತ್ತಿನ ಅಲ್ಟ್ರಾಸೌಂಡ್, ಸೆಸ್ಟಾಮಿಬಿ ಸ್ಕ್ಯಾನ್, 4ಡಿ ಸಿಟಿ ಮಾಡುತ್ತಾರೆ. ಚಿಕ್ಕ ಗಂಟು ಇವುಗಳಲ್ಲಿ ತಪ್ಪಿಸಿಕೊಳ್ಳಬಹುದು.

ಗ್ರಂಥಿ ತನ್ನ ಜಾಗ ಬಿಟ್ಟು ಎಲ್ಲೋ ಕೂತಿರುವುದೂ ಉಂಟು. ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್ ಕಥೆ ಇದಕ್ಕೆ ಹೆಸರಾದದ್ದು. ಆರು ಸಲ ಆಪರೇಷನ್ ಮಾಡಿ ಹುಡುಕಿದರೂ ಗಂಟು ಸಿಗಲಿಲ್ಲ. 1932ರಲ್ಲಿ, ಏಳನೇ ಸಲ, ಎದೆಗೂಡಿನೊಳಗೆ ಸಿಕ್ಕಿತು. ಈಗ ಸ್ಕ್ಯಾನ್‌ಗಳಿರುವುದು ಆ ಏಳನ್ನು ಒಂದಕ್ಕೆ ಇಳಿಸಲು.

ಕ್ಯಾಲ್ಸಿಯಂ ಜಾಸ್ತಿ ಇದೆ. ಹಾಲು ಮೊಸರು ಬಿಟ್ಟುಬಿಡಲಾ?

ಬಿಡಬೇಡಿ. ಕೇಳಲು ವಿಚಿತ್ರ, ಆದರೆ ನಿಜ. ನಿಮ್ಮ ರಕ್ತದಲ್ಲಿ ಹೆಚ್ಚಾಗಿರುವ ಕ್ಯಾಲ್ಸಿಯಂ ಬಂದಿರುವುದು ನೀವು ಕುಡಿದ ಹಾಲಿನಿಂದ ಅಲ್ಲ, ಗ್ರಂಥಿಯ ಹಟದಿಂದ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದರೆ ಪಿಟಿಎಚ್ ಇನ್ನಷ್ಟು ಏರಬಹುದು, ಮೂಳೆಯಿಂದ ಇನ್ನಷ್ಟು ಎಳೆಯಬಹುದು. ಎಲ್ಲರಂತೆ ಊಟ ಮಾಡಿ. ದಿನಕ್ಕೆ 1000 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಊಟದಿಂದ ಬಂದರೆ ಸರಿ.

ಮಾತ್ರೆಯ ಮಾತು ಬೇರೆ. ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಎದೆಯುರಿಗೆ ಚೀಪುವ ಕೆಲವು ಮಾತ್ರೆಗಳಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಪೊಟ್ಟಣದ ಹಿಂದೆ ಓದಿ.

ವಿಟಮಿನ್ ಡಿ ಕಡಿಮೆ ಇದೆ. ತಗೊಂಡರೆ ಕ್ಯಾಲ್ಸಿಯಂ ಇನ್ನೂ ಏರಲ್ವಾ?

ಇದು ಎಲ್ಲರ ಭಯ. ಕೊರತೆ ಇದ್ದರೆ ತುಂಬಿಸುವುದೇ ಸರಿ ಎಂಬುದು ಈಗಿನ ಒಮ್ಮತ. ಡಿ ಕಡಿಮೆ ಇದ್ದಷ್ಟೂ ಪಿಟಿಎಚ್ ಏರುತ್ತದೆ, ಆಪರೇಷನ್ ಆದ ಮೇಲೆ ಕ್ಯಾಲ್ಸಿಯಂ ಕುಸಿಯುವುದೂ ಜಾಸ್ತಿ. ಆದರೆ ಸಣ್ಣ ಪ್ರಮಾಣದಲ್ಲಿ, ನಿಧಾನಕ್ಕೆ, ಮಧ್ಯೆ ಮಧ್ಯೆ ರಕ್ತ ನೋಡುತ್ತ ಕೊಡಬೇಕು. ಒಂದೇ ಸಲ ದೊಡ್ಡ ಇಂಜೆಕ್ಷನ್ ಹಾಕಿಸಿಕೊಳ್ಳುವ ಆತುರ ಬೇಡ.

ದಿನಾ ಏನೇನು ನೋಡಿಕೊಳ್ಳಬೇಕು?

ನೀರು. ಮೊದಲನೆಯದೂ ಅದೇ, ಎರಡನೆಯದೂ ಅದೇ. ಹೃದಯ, ಕಿಡ್ನಿ ಸಮಸ್ಯೆಗೆ ನೀರು ಕಡಿಮೆ ಕುಡಿಯಿರಿ ಎಂದು ಯಾರೂ ಹೇಳಿಲ್ಲದಿದ್ದರೆ ದಿನಕ್ಕೆ ಎರಡರಿಂದ ಮೂರು ಲೀಟರ್ ಕುಡಿಯಿರಿ. ಮೈಯಲ್ಲಿ ನೀರು ಕಡಿಮೆಯಾದರೆ ಕ್ಯಾಲ್ಸಿಯಂ ಥಟ್ಟನೆ ಏರುತ್ತದೆ. ಜ್ವರ, ವಾಂತಿ, ಭೇದಿ ಬಂದಾಗ ಇದನ್ನು ಮರೆಯಬೇಡಿ.

ನಡೆಯಿರಿ. ಬಹಳ ದಿನ ಹಾಸಿಗೆ ಹಿಡಿದರೆ ಮೂಳೆಯಿಂದ ಕ್ಯಾಲ್ಸಿಯಂ ರಕ್ತಕ್ಕೆ ಇಳಿಯುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು ಕ್ಯಾಲ್ಸಿಯಂ ವಿಷಯವನ್ನು ಆ ವೈದ್ಯರಿಗೂ ತಪ್ಪದೆ ತಿಳಿಸಿ, ಕ್ಯಾಲ್ಸಿಯಂ ಏರಿದ್ದಾಗ ಆ ಮದ್ದಿನ ತೊಂದರೆ ಹೆಚ್ಚಬಹುದು. ಇನ್ನು ರಿಪೋರ್ಟುಗಳನ್ನು ಒಂದು ಫೈಲಿನಲ್ಲಿ ದಿನಾಂಕದ ಪ್ರಕಾರ ಇಟ್ಟುಕೊಳ್ಳಿ. ಬಿಡಿ ಬಿಡಿ ಹಾಳೆಯಲ್ಲಿ ಕಾಣದ್ದು ಸಾಲಾಗಿ ಇಟ್ಟಾಗ ಕಾಣುತ್ತದೆ.

ಎಲ್ಲರಿಗೂ ಆಪರೇಷನ್ ಬೇಕಾ?

ಬೇಡ. ಆದರೆ ಪ್ರೈಮರಿ ಕಾಯಿಲೆಯನ್ನು ಬೇರುಸಹಿತ ತೆಗೆಯುವುದು ಆಪರೇಷನ್ ಒಂದೇ. ಲಕ್ಷಣ ಇರುವವರಿಗೆ ಮಾಡಿ ಎನ್ನುತ್ತಾರೆ. ಲಕ್ಷಣ ಇಲ್ಲದಿದ್ದರೂ ಈ ಕೆಳಗಿನ ಯಾವುದಾದರೂ ಒಂದಿದ್ದರೆ ಸಲಹೆ ಅದೇ:

- ಕ್ಯಾಲ್ಸಿಯಂ ಮೇಲಿನ ಗೆರೆಗಿಂತ 1 ಮಿಲಿಗ್ರಾಂಗೂ ಹೆಚ್ಚು ಏರಿರುವುದು
- ವಯಸ್ಸು 50ಕ್ಕಿಂತ ಕಡಿಮೆ
- ಡೆಕ್ಸಾದಲ್ಲಿ ಟಿ ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ, ಇಲ್ಲವೇ ಬೆನ್ನುಮೂಳೆ ಕುಸಿದಿರುವುದು
- ಕಿಡ್ನಿಯಲ್ಲಿ ಕಲ್ಲು, ಅಥವಾ ಕಿಡ್ನಿ ಸೋಸುವ ಶಕ್ತಿ (ಇಜಿಎಫ್‌ಆರ್) 60ಕ್ಕಿಂತ ಕೆಳಗೆ
- 24 ಗಂಟೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಂಗಸರಲ್ಲಿ 250, ಗಂಡಸರಲ್ಲಿ 300 ಮಿಲಿಗ್ರಾಂ ದಾಟಿರುವುದು

ಇವ್ಯಾವುದೂ ಇಲ್ಲದವರು ಕಾಯಬಹುದು. ಕಾಯುವುದು ಅಂದರೆ ಮರೆಯುವುದಲ್ಲ. ವರ್ಷಕ್ಕೊಮ್ಮೆ ಕ್ಯಾಲ್ಸಿಯಂ ಮತ್ತು ಕಿಡ್ನಿ ಪರೀಕ್ಷೆ, ಒಂದೆರಡು ವರ್ಷಕ್ಕೊಮ್ಮೆ ಡೆಕ್ಸಾ. ಬೇರೆ ಕಾಯಿಲೆಗಳಿಂದ ಆಪರೇಷನ್ ತಡೆಯಲಾರದವರಿಗೂ ಇದೇ ದಾರಿ.

ಮಾತ್ರೆಯಲ್ಲೇ ವಾಸಿ ಆಗಲ್ವಾ?

ವಾಸಿ ಆಗುವುದಿಲ್ಲ, ಹಿಡಿತದಲ್ಲಿಡಬಹುದು. ಸಿನಾಕ್ಯಾಲ್ಸೆಟ್ ಮಾತ್ರೆ ಕ್ಯಾಲ್ಸಿಯಂ ಇಳಿಸುತ್ತದೆ, ಮೂಳೆಗೆ ಉಪಕಾರ ಮಾಡುವುದಿಲ್ಲ. ಹೊಟ್ಟೆ ತೊಳಸುವುದು ಅದರ ಮುಖ್ಯ ಕಾಟ. ಅಲೆಂಡ್ರೊನೇಟ್ ಮಾತ್ರೆ, ಡೆನೊಸುಮ್ಯಾಬ್ ಇಂಜೆಕ್ಷನ್ ಮೂಳೆ ಗಟ್ಟಿ ಮಾಡುತ್ತವೆ, ಗ್ರಂಥಿಯ ತಂಟೆಗೆ ಹೋಗುವುದಿಲ್ಲ. ಒಂದು ಮದ್ದು ಒಂದೇ ತೂತು ಮುಚ್ಚುತ್ತದೆ.

ಆಪರೇಷನ್ ಹೇಗಿರುತ್ತೆ?

ಮೊದಲ ಸಲ ಇದನ್ನು ಮಾಡಿದ್ದು 1925ರಲ್ಲಿ, ವಿಯೆನ್ನಾದಲ್ಲಿ, ಫೆಲಿಕ್ಸ್ ಮ್ಯಾಂಡ್ಲ್ ಎಂಬ ಸರ್ಜನ್. ರೋಗಿ ಒಬ್ಬ ಟ್ರ್ಯಾಮ್ ಕಂಡಕ್ಟರ್, ಮೂಳೆಗಳೆಲ್ಲ ಹಾಳಾಗಿದ್ದವು. ಗಂಟು ತೆಗೆದ ಮೇಲೆ ಅವರು ಚೇತರಿಸಿಕೊಂಡರು. ಆದರೆ ಕೆಲವು ವರ್ಷದ ನಂತರ ಕಾಯಿಲೆ ತಿರುಗಿ ಬಂತು.

ಈಗ ಕತ್ತಿನ ಕೆಳಭಾಗದಲ್ಲಿ ಒಂದು ಸಣ್ಣ ಗಾಯ. ಎಷ್ಟೋ ಜನ ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಪಿಟಿಎಚ್ ರಕ್ತದಲ್ಲಿ ಕೆಲವೇ ನಿಮಿಷ ಬದುಕುವ ಹಾರ್ಮೋನ್. ಅದಕ್ಕೇ ಅನೇಕ ಕಡೆ ಗಂಟು ತೆಗೆದ 10 ನಿಮಿಷಕ್ಕೆ ಆಪರೇಷನ್ ಟೇಬಲ್ ಮೇಲೇ ರಕ್ತ ತೆಗೆದು ನೋಡುತ್ತಾರೆ. ಪಿಟಿಎಚ್ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಕಳ್ಳ ಸಿಕ್ಕಿದ ಎಂದು ಲೆಕ್ಕ. ಇಳಿಯದಿದ್ದರೆ ಇನ್ನೊಬ್ಬ ಇದ್ದಾನೆ.

ಅನುಭವಿ ಕೈಯಲ್ಲಿ ನೂರಕ್ಕೆ 95 ಅಥವಾ ಅದಕ್ಕೂ ಹೆಚ್ಚು ಜನ ವಾಸಿಯಾಗುತ್ತಾರೆ. 'ಅನುಭವಿ' ಎಂಬ ಪದಕ್ಕೆ ಗೆರೆ ಎಳೆದುಕೊಳ್ಳಿ. 'ವರ್ಷಕ್ಕೆ ಎಷ್ಟು ಪ್ಯಾರಾಥೈರಾಯ್ಡ್ ಆಪರೇಷನ್ ಮಾಡ್ತೀರಿ?' ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ನಾನು ಕೇಳಿದ್ದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸ್ವರದ ನರಕ್ಕೆ ಪೆಟ್ಟಾಗಿ ದನಿ ಒಡೆಯುವುದು, ಕತ್ತಿನೊಳಗೆ ರಕ್ತ ಕಟ್ಟುವುದು ಅಪರೂಪ. ಆದರೆ ಕತ್ತು ಊದಿ ಉಸಿರು ಕಟ್ಟಿದಂತಾದರೆ ಒಂದು ನಿಮಿಷವೂ ಕಾಯಬಾರದು.

ಮನೆಗೆ ಬಂದ ಮೇಲೆ ತುಟಿ, ಬೆರಳು ಜುಮ್ ಅಂತಿದೆ. ಏನಿದು?

ಕ್ಯಾಲ್ಸಿಯಂ ಇಳಿದಿದೆ. ಇಷ್ಟು ದಿನ ಕೆಟ್ಟ ಗ್ರಂಥಿಯೇ ಎಲ್ಲ ಮಾಡುತ್ತಿತ್ತು, ಉಳಿದ ಮೂರು ನಿದ್ದೆ ಹೋಗಿದ್ದವು. ಏಳಲು ಸಮಯ ಬೇಕು. ಸಾಮಾನ್ಯವಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇದು ಜಾಸ್ತಿ ಕಾಡುತ್ತದೆ. ಮೊದಲೇ ಕೊಟ್ಟಿರುವ ಕ್ಯಾಲ್ಸಿಯಂ ಮಾತ್ರೆಯನ್ನು ಹೇಳಿದಂತೆ ತೆಗೆದುಕೊಳ್ಳಿ. ಕಾರ್ಬೊನೇಟ್ ಆದರೆ ಊಟದ ಜೊತೆ. ಥೈರಾಯ್ಡ್ ಮಾತ್ರೆ ನುಂಗುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಿ. ಕೈಬೆರಳು ಸೆಳೆದು ಮಡಚಿಕೊಂಡರೆ, ಜುಮ್ಮೆನ್ನುವುದು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಮೂಳೆ ಬಹಳ ಸವೆದಿದ್ದವರಲ್ಲಿ ಇನ್ನೊಂದು ಆಗುತ್ತದೆ. ವರ್ಷಗಟ್ಟಲೆ ಕಳೆದುಕೊಂಡದ್ದನ್ನು ಮೂಳೆ ಬರಗೆಟ್ಟ ಹಾಗೆ ರಕ್ತದಿಂದ ಎಳೆದುಕೊಳ್ಳುತ್ತದೆ. ವೈದ್ಯರು ಇದಕ್ಕೆ ಇಟ್ಟ ಹೆಸರೇ 'ಹಂಗ್ರಿ ಬೋನ್'. ಇಂಥವರಿಗೆ ವಾರಗಟ್ಟಲೆ ಹೆಚ್ಚು ಕ್ಯಾಲ್ಸಿಯಂ ಬೇಕಾಗಬಹುದು.

ಮೊದಲಿನ ಥರ ಆಗೋಕೆ ಎಷ್ಟು ದಿನ?

ಗಾಯಕ್ಕೆ ಒಂದೆರಡು ವಾರ. ಬಾಯಾರಿಕೆ ನನಗೆ ಬೇಗ ಹೋಯಿತು. ಸುಸ್ತು, ಮರೆವು, ಮನಸ್ಸಿನ ಭಾರ ಎಷ್ಟು ಇಳಿಯುತ್ತದೆ ಎಂದು ಮಾತ್ರ ಯಾರೂ ಮಾತು ಕೊಡಲಾರರು. ಕೆಲವರಿಗೆ ಪರದೆ ಸರಿದಂತೆ. ಕೆಲವರಿಗೆ ದೊಡ್ಡ ವ್ಯತ್ಯಾಸವೇ ತಿಳಿಯುವುದಿಲ್ಲ. ಮೂಳೆ ಸಾಂದ್ರತೆ ವರ್ಷಗಳ ಲೆಕ್ಕದಲ್ಲಿ ಏರುತ್ತದೆ. ಹೊಸ ಕಲ್ಲು ಕಟ್ಟುವುದು ಕಡಿಮೆಯಾಗುತ್ತದೆ, ಇರುವ ಕಲ್ಲು ಕರಗುವುದಿಲ್ಲ. ಆರು ತಿಂಗಳಾದ ಮೇಲೂ ಕ್ಯಾಲ್ಸಿಯಂ ಸರಿಯಾಗಿದ್ದರೆ ವಾಸಿ ಎನ್ನುತ್ತಾರೆ. ಆಮೇಲೂ ವರ್ಷಕ್ಕೊಮ್ಮೆ ನೋಡಿಸುತ್ತಿರಿ, ಅಪರೂಪಕ್ಕೆ ಮರಳುವುದುಂಟು.

ಮಕ್ಕಳಿಗೂ ಬರುತ್ತಾ?

ಬಹಳ ಜನರಲ್ಲಿ ಇದು ವಂಶದ್ದಲ್ಲ. ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಒಂದಕ್ಕಿಂತ ಹೆಚ್ಚು ಗ್ರಂಥಿ ಕೆಟ್ಟಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಜೀನ್ ಪರೀಕ್ಷೆಯ ಮಾತು ಬರುತ್ತದೆ. ಎಂಇಎನ್ 1 ಎಂಬ ವಂಶದ ಕಾಯಿಲೆಯಲ್ಲಿ ಮೇದೋಜೀರಕ, ಪಿಟ್ಯುಟರಿ ಗ್ರಂಥಿಗಳಲ್ಲೂ ಗಂಟು ಬರಬಹುದು.

ಬಸುರಿಯಾಗಿದ್ದಾಗ ಗೊತ್ತಾದರೆ?

ಇದನ್ನು ಮುಂದೂಡಬಾರದು. ತಾಯಿಯ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಹುಟ್ಟಿದ ಮಗುವಿನ ಕ್ಯಾಲ್ಸಿಯಂ ಕುಸಿಯಬಹುದು. ಆಪರೇಷನ್ ಬೇಕೇ ಬೇಕಾದರೆ ನಾಲ್ಕರಿಂದ ಆರನೇ ತಿಂಗಳು ಸರಿಯಾದ ಸಮಯ ಎನ್ನುತ್ತಾರೆ.

ಯಾವಾಗ ಎಮರ್ಜೆನ್ಸಿ?

ವಾಂತಿ ನಿಲ್ಲುತ್ತಿಲ್ಲ, ನೀರು ಒಳಗೆ ನಿಲ್ಲುತ್ತಿಲ್ಲ, ಮಾತು ತೊದಲುತ್ತಿದೆ, ಮಂಪರು, ಗೊಂದಲ, ಎದೆಬಡಿತ ಏರುಪೇರು. ಆಗ ಮನೆಯಲ್ಲಿ ಕೂರಬೇಡಿ. ಕ್ಯಾಲ್ಸಿಯಂ 14 ದಾಟಿದರೆ ಡ್ರಿಪ್ ಹಾಕಿ ಇಳಿಸಬೇಕಾದ ಸ್ಥಿತಿ. ಹೋದ ಕೂಡಲೇ 'ನನಗೆ ಪ್ಯಾರಾಥೈರಾಯ್ಡ್ ಇದೆ, ಕ್ಯಾಲ್ಸಿಯಂ ನೋಡಿ' ಎಂದು ಹೇಳಿ. ಹೇಳಲು ಆಗದ ಸ್ಥಿತಿಯಲ್ಲಿದ್ದರೆ? ಅದಕ್ಕೇ ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ, ಮನೆಯವರಿಗೂ ಬಾಯಿಪಾಠ ಮಾಡಿಸಿ. ನನ್ನ ಮಗಳು ಇವತ್ತಿಗೂ ಅದನ್ನು ಮಗ್ಗಿ ಥರ ಒಪ್ಪಿಸುತ್ತಾಳೆ.